ದಾರ ಹಿಡಿದು ಹೊರಗ ಕುಂತವರು

ಸಾಂಗಲಿ ಪಕ್ಕದ ಹರಿಪುರ. ಕೃಷ್ಣೆ, ವಾರಣೆ ಕೂಡುವಲ್ಲಿ ಸಂಗಮೇಶ್ವರನ ಗುಡಿ, ಗುಡಿಯ ಕೆಳಗೆ ಘಾಟಿನ ಮೆಟ್ಟಿಲು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ ಆಡುವ ಕುಟುಂಬದ ಇಬ್ಬರು ಅಲ್ಲಿ ಕುಂತಿದ್ದಾರೆ. ಒಬ್ಬರು ಕ್ರೋಶಾ ಹಿಡಿದ ಕಾಕು. ಇನ್ನೊಬ್ಬಳು ಧಾರವಾಡದ ಕಾಲೇಜೊಂದರಲ್ಲಿ ಪಾಠ ಹೇಳುವ ಅವರ ಭಾವನ ಮಗಳು, ರಜೆಗೆ ಬಂದವಳು.

ಮಗಳು: ಕಾಕು, ಒಂದ್ ಮಾತು ಕೇಳ್ತೀನ್ರಿ. ಮನಿಯಾಗ ಫ್ಯಾನ್ ಐತಿ, ಬೆನ್ನಿಗೆ ದಿಂಬು ಐತಿ, ಕುಂತಲ್ಲೇ ಚಾ ಬರ್ತೈತಿ. ಅದನ್ನೆಲ್ಲಾ ಬಿಟ್ಟು ಈ ಕಲ್ಲಿನ ಮ್ಯಾಲ ಯಾಕ ಕುಂತು ಹೆಣೀತೀರಿ?

ಕಾಕು: ಮನಿಯಾಗ ಕುಂತು ಹೆಣದ್ರ ನಾ ಖಾಲಿ ಕುಂತೀನಿ ಅಂತ ಎಲ್ಲಾರಿಗೂ ಅನಸ್ತೈತಿ. ನಾಕು ಸಾಕಳಿ ಟಾಕಾ ಹಾಕೂದ್ರಾಗ ಕುಕ್ಕರ್ ನೋಡು, ಹಾಲು ಇಳಸು, ಬಾಗಲಾ ತಗಿ. ಇಲ್ಲಿ ಕುಂತ್ರ ನಾ ಕೆಲಸ ಮಾಡಾಕತ್ತೀನಿ ಅನ್ನೂದು ಹಾದಿ ಹಿಡದು ಹೋಗೂರಿಗೂ ತಿಳೀತೈತಿ. ಮತ್ತ ಬೆಳಕು ನೋಡು. ಕರೀ ದಾರದಾಗ ಖಾಂಬದ ಟಾಕಾ ಹಾಕೂ ಮುಂದ ಮನಿಯಾಗ ಕಣ್ಣು ಸೋಲ್ತಾವ. ಇಲ್ಲಿ ಎಳಿ ಎಳಿ ಬ್ಯಾರೆ ಕಾಣ್ತೈತಿ.

ಮಗಳು: ಮತ್ತ ಆ ಸ್ವೆಟರ್? ಎರಡು ಸುಲಟ ಎರಡು ಉಲಟ ಹಾಕಿದ್ದು ಮನಿಯಾಗ ಅರ್ಧಕ್ಕ ನಿಂತೈತಿ. ಬಸ್ಸಿನಾಗ, ರೈಲಿನಾಗ ಯಾವಾಗ ನೋಡಿದ್ರೂ ನಿಮ್ಮ ಕೈಯಾಗ ಕ್ರೋಶಾನ ಇರ್ತೈತಿ.

ಕಾಕು: ಅದಕ್ಕ ಕಾರಣ ಐತಿ. ಸ್ವೆಟರ್ ಹೆಣಿಯೂ ಮುಂದ ಒಂದು ಸಾಲಿನ ಅಷ್ಟೂ ಟಾಕಾ ಕಡ್ಡಿ ಮ್ಯಾಲ ಬಿಚ್ಚಿಕೊಂಡ ಕುಂತಿರ್ತಾವ. ಮಿರಜ ಸ್ಟೇಶನ್ನಿನಾಗ ಗಾಡಿ ಹತ್ತೂ ಗದ್ದಲದಾಗ ಯಾರರೆ ದೂಕಿದ್ರು, ಕಡ್ಡಿ ಜಾರ್ತು ಅಂದ್ರ ಹತ್ತಿಪ್ಪತ್ತು ಟಾಕಾ ಕೆಳಗಿನ ಸಾಲಿನ ತನಕ ಇಳದು ಹೋಗ್ತಾವ. ಕ್ರೋಶಾದಾಗ ಬಿಚ್ಚೂ ಕುಣಿಕಿ ಒಂದ. ಹಿಂದ ಹಾಕಿದ್ದೆಲ್ಲಾ ಕಟ್ಟಿ ಮುಗದಿರ್ತೈತಿ. ಕುಡಚಿ ಸ್ಟೇಶನ್ ಬಂತು ಅಂದ್ರ ಆ ಒಂದು ಕುಣಿಕಿ ಉದ್ದ ಎಳದು ಚೀಲದಾಗ ಹಾಕೂದು, ಇಳಿಯೂದು. ಸೂಜಿನೂ ಒಂದ, ಗೇಣುದ್ದನೂ ಇಲ್ಲ. ಬಾಜೂಕ ಕುಂತವರಿಗೆ ಮೊಣಕೈ ತಾಗಂಗಿಲ್ಲ.

ಮಗಳು: ಅಂದ್ರ ನಡು ನಡುವ ಕೆಲಸ ಬಿಟ್ಟು ಏಳೂ ಮಂದಿಗೆ ಹೊಂದೂ ವಿದ್ಯಾ ಇದು.

ಕಾಕು: ಹೌದು. ಹೆಣ್ಮಕ್ಕಳ ದಿನ ಹಂಗ ಐತಿ. ಯಾವಾಗ ಏಳಬೇಕು ಅನ್ನೂದು ನಮ್ಮ ಕೈಯಾಗ ಇರಂಗಿಲ್ಲ. ಎದ್ದು ಬಂದ ಮ್ಯಾಲೂ ಬಿಟ್ಟಲ್ಲೇ ಇರೂ ಕೆಲಸ ಬೇಕು.

ಮಗಳು: ನಮ್ಮ ಕಡೆ ಕೆಲವರು ಹಿಂಗ ಹೊರಗ ಕುಂತು ಹೆಣಿಯೂದನ್ನ ಹೊಸಾ ಶೋಕಿ ಅಂತಾರ್ರಿ. 2005ರಾಗ ಅಮೆರಿಕಾದಾಗ ಡೇನಿಯಲ್ ಲ್ಯಾಂಡಿಸ್ ಅನ್ನೂ ಹೆಣ್ಮಗಳು ಜೂನ್ ತಿಂಗಳದಾಗ ಒಂದು ದಿನಾ ಗೊತ್ತು ಮಾಡಿದ್ಲು. ಹೆಣಿಗಿ ಮಾಡೂರೆಲ್ಲಾ ಅವತ್ತ ಮನಿ ಬಿಟ್ಟು ಬಾಗಿನಾಗ, ಚೌಕದಾಗ ಕೂಡಿ ಕುಂತು ಹೆಣೀಬೇಕು ಅಂತ. ಈಗ ಎಷ್ಟೋ ದೇಶದಾಗ ಆ ದಿನಾ ನಡೀತೈತಿ. ಅದನ್ನ ನೋಡಿ ಇಲ್ಲೂ ಸುರು ಆತು ಅಂತಾರ.

ಕಾಕು: ದಿನಾ ಗೊತ್ತು ಮಾಡಿದ್ದು ಹೊಸಾದು. ಹೊರಗ ನೂಲೂದು, ಹೆಣಿಯೂದು ಎಷ್ಟು ಹಳೇದು ಅನ್ನೂದನ್ನ ಈ ನೆಲಾನ ಹೇಳ್ತೈತಿ. ಜತ್ತ, ಕವಠೆ ಮಹಾಂಕಾಳ ಕಡೆ ಕುರಿ ಹಿಂದ ತಿರುಗೂ ಧನಗರರನ್ನ, ಗಡಿ ಆಚೀಕಡೆ ನಮ್ಮ ಕುರುಬರನ್ನ ನೋಡು. ಹೆಗಲ ಮ್ಯಾಲ ಕಂಬಳಿ, ಒಂದು ಕೈಯಾಗ ಉಣ್ಣಿ ಹಿಂಜಿಕೊಂಡು, ಇನ್ನೊಂದು ಕೈಯಿಂದ ತಕಲಿ ತಿರುವಿಕೋತ ಹಿಂಡಿನ ಹಿಂದ ನಡೀತಿದ್ರು. ನಮ್ಮ ದಖನಿ ಕುರಿ ಉಣ್ಣಿ ಒರಟು. ಮೈಗೆ ಮೆತ್ತಗ ಸ್ವೆಟರ್ ಆಗಂಗಿಲ್ಲ ಖರೆ, ಮಳಿ ತಡಿಯೂ ಕಂಬಳಿ ಆಗ್ತೈತಿ. ಹೆಂಗಸರು ರಾಟಿ ಮ್ಯಾಲ ನೂತು, ಗಂಡಸರು ಕುಣಿಮಗ್ಗದಾಗ ನೇದು, ಹುಣಸಿ ಬೀಜದ ಗಂಜಿ ಬಳದು ಗಟ್ಟಿ ಮಾಡ್ತಾರ. ಆ ಗಂಜಿ ಬಳಿಯೂ ಕೆಲಸ ಮನಿ ಒಳಗ ಆಗೂದಲ್ಲ, ಉದ್ದಕ ಹಾಸು ಎಳದು ಬೈಲಿನಾಗ ಮಾಡೂದು. ಕಂಬಳಿ ಹುಟ್ಟೂದ ಬೀದಿಯೊಳಗ.

ಮಗಳು: ಫ್ರಾನ್ಸಿನ ಲಾಂದ್ ಅನ್ನೂ ಜವುಗು ಸೀಮಿಯಾಗೂ ಹಂಗ ಇತ್ತು. ಅಲ್ಲಿ ಕುರಿಗಾರರು ಮರಗಾಲು ಕಟ್ಟಿಕೊಂಡು ನಿಂತು, ಎತ್ತರದಿಂದ ಕುರಿ ಕಾಯ್ಕೋತ ಹೆಣೀತಿದ್ರು. ಸ್ಕಾಟ್‌ಲೆಂಡಿನ ಉತ್ತರಕ್ಕ ಶೆಟ್‌ಲೆಂಡ್ ನಡುಗಡ್ಡಿಯ ಹೆಂಗಸರು ಬೆನ್ನ ಮ್ಯಾಲ ಉರವಲದ ಬುಟ್ಟಿ ಹೊತ್ತು, ನಡಕೋತ ಹೆಣೀತಿದ್ರು. ಹಳೇ ಫೋಟೋ ಅದಾವ.

ಕಾಕು: ನೋಡು ಮತ್ತ. ಕೌದಿ ವಿಚಾರ ತಗೋ. ಬ್ಯಾಸಗಿ ಬಂತಂದ್ರ ಹಳೇ ಸೀರಿ ಹರದು, ಅಂಗಳದಾಗೋ ಗುಡಿ ಕಟ್ಟಿ ಮ್ಯಾಲೋ ಹಾಸಿ, ನಾಕು ಮೂಲಿಗೆ ನಾಕು ಮಂದಿ ಕುಂತು ದಾರ ಎಳೀತಿದ್ರು. ಒಬ್ಬಾಕಿ ಕೈಲೆ ಆಗೂ ಕೆಲಸ ಅಲ್ಲ ಅದು. ಕೌದಿ ಆಗೂದಕ್ಕ ಕಟ್ಟಿ ಬೇಕಾಗಿತ್ತು, ಕಟ್ಟಿಗೆ ಮಂದಿ ಬೇಕಾಗಿತ್ತು. ಕ್ರೋಶಾ, ಸ್ವೆಟರ್ ಆಮ್ಯಾಲ ಮಿಶನ್ ಸಾಲಿ, ಮೇಡಮ್ಮಗೋಳ ಸಂಗಾಟ ಬಂದ್ವು. 1962ರ ಚೀನಾ ಯುದ್ಧದಾಗ ಊರೂರಿನ ಹೆಣ್ಮಕ್ಕಳು ಜವಾನರಿಗಂತ ಸ್ವೆಟರ್ ಹೆಣದು ಕಳಿಸಿದ್ರು. ಹೊಸಾ ಸೂಜಿ ಬಂದು ಹಳೇ ಕಟ್ಟಿ ಮ್ಯಾಲ ಕುಂತಿತು, ಅಷ್ಟ.

ಮಗಳು: ನನಗೊಂದು ತಕರಾರು ಐತ್ರಿ. ಕುರುಬ ಹೊರಗ ಇರೂದು ಅವನ ಹಕ್ಕು. ಕೈಯಾಗ ತಕಲಿ ಇರಲಿ ಬಿಡಲಿ, ಅಂವ ಗಿಡದ ಬುಡಕ ಸುಮ್ಮನ ಕುಂತ್ರ ಯಾರೂ ಕೇಳಂಗಿಲ್ಲ. ಹೆಣ್ಮಕ್ಕಳ ಗೋಷ್ಟಿ ಹಂಗಲ್ಲ. 2011ರಾಗ ಮುಂಬೈಯ ಮೂವರು, ಶಿಲ್ಪಾ ಫಡಕೆ, ಸಮೀರಾ ಖಾನ್, ಶಿಲ್ಪಾ ರಾನಡೆ, ‘ವೈ ಲಾಯ್ಟರ್?’ ಅಂತ ಪುಸ್ತಕ ಬರದ್ರು. ಶಹರದಾಗ ಹೆಂಗಸು ಹೊರಗ ಕಾಣಬೇಕಂದ್ರ ಒಂದು ಕಾರಣ ತೋರಸಬೇಕಾಗ್ತೈತಿ ಅಂತಾರ ಅವರು. ಸಂತೀ ಚೀಲ, ಮಗುವಿನ ಕೈ, ಆಫೀಸಿನ ಪರ್ಸು, ಕಿವಿಗೆ ಫೋನು. ಕಾರಣ ಇಲ್ದ ಸುಮ್ಮನ ನಿಂತ್ರ ಯಾಕ ನಿಂತಾಳ ಅಂತ ಊರು ನೋಡ್ತೈತಿ. ನಿಮ್ಮ ಕ್ರೋಶಾನೂ ಅಂಥಾ ಒಂದು ಪರವಾನಗಿ ಆಗೇತಿ ಅಂತ ನನಗ ಅನಸ್ತೈತಿ.

ಕಾಕು: ನೀ ಹೇಳೂದು ಖರೆ ಐತಿ, ಇಲ್ಲ ಅನ್ನಂಗಿಲ್ಲ. ನಿಮ್ಮ ಕಾಕಾ ಹೋದ ಮ್ಯಾಲ ಒಂದು ವರ್ಷ ನಾ ಈ ಘಾಟಿಗೆ ಬರೀ ಕೈಲೆ ಬಂದು ಕುಂದರ್ತಿದ್ದೆ. ಬಂದವರೆಲ್ಲಾ ಕೇಳೂರು, ಯಾಕವಾ ಒಬ್ಬಾಕಿನ ಕುಂತಿ, ಮನಿಯಾಗ ಏನರೆ ಆತೇನು ಅಂತ. ಹೊಳಿ ನೋಡಾಕ ಬಂದೀನಿ ಅಂದ್ರ ನಂಬತಿರಲಿಲ್ಲ. ಸೂಜಿ ಹಿಡದ ಮ್ಯಾಲ ಆ ಪ್ರಶ್ನಾ ನಿಂತಿತು. ಏನು ಹೆಣ್ಯಾಕತ್ತಿ, ಯಾರಿಗೆ, ಎಷ್ಟು ದಿನಾ ಹಿಡೀತೈತಿ ಅಂತ ಕೇಳಾಕತ್ರು. ಪ್ರಶ್ನಾ ನನ್ನ ಮ್ಯಾಲಿಂದ ಕೆಲಸದ ಮ್ಯಾಲ ಹೋತು. ಆವಾಗ ನನಗ ಅದ ಸಾಕಾಗಿತ್ತು.

ಮಗಳು: ಸಾಕಾಗಿತ್ತು ಅನ್ನೂದ ನನಗ ಸಂಕಟ ಆಗ್ತೈತಿ ಕಾಕು. ಇದ ಹರಿಪುರದಾಗ ಹುಟ್ಟಿದ ಗೋವಿಂದ ಬಲ್ಲಾಳ ದೇವಲರು 1899ರಾಗ ‘ಶಾರದಾ’ ನಾಟಕ ಬರದ್ರು. ಮುದುಕಗ ಸಣ್ಣ ಹುಡುಗಿ ಕೊಡೂದು ತಪ್ಪು ಅಂತ ರಂಗದ ಮ್ಯಾಲ ಎಲ್ಲಾರ ಮುಂದ ಹೇಳಿದ್ರು. ಮನಿಯೊಳಗಿನ ಮಾತು ಬೈಲಿಗೆ ಬಂದಾಗ ಅದಕ್ಕ ಮಂದಿ ಕಿವಿಗೊಟ್ರು. ಅಂಥಾ ಊರಾಗ ಹೆಣ್ಮಗಳು ಹೊಳಿ ದಂಡಿಗೆ ಕುಂದ್ರಾಕ ಇವತ್ತೂ ಸೂಜಿ ಬೇಕಂದ್ರ?

ಕಾಕು: ಮನಿಯೊಳಗಿಂದು ಬೈಲಿಗೆ ಬಂದಾಗ ಅಂತ ನೀನ ಅಂದಿ. ಅಲ್ಲೇ ನನ್ನ ಮಾತೂ ಐತಿ. ಸೂಜಿ ನನ್ನನ್ನ ಹೊರಗ ತಂದಿದ್ದು ಒಂದು ಕಡೆ ಇರಲಿ. ನಾ ಸೂಜಿಯನ್ನ ಹೊರಗ ತಂದಿದ್ದರಿಂದ ಏನಾತು, ಅದನ್ನ ನೋಡು. ಒಳಗ ಕುಂತು ಮಾಡಿದ ಕೆಲಸ ಯಾರ ಕಣ್ಣಿಗೂ ಬೀಳಂಗಿಲ್ಲ, ಕಣ್ಣಿಗೆ ಬೀಳದ್ದಕ್ಕ ಕೂಲಿ ಹುಟ್ಟಂಗಿಲ್ಲ.

ಮಗಳು: ಆಂಧ್ರದ ನರಸಾಪುರದ ಕಥಿ ಅದ ಐತ್ರಿ. ಗೋದಾವರಿ ಸೀಮಿ. ಹತ್ತೊಂಬತ್ತನೇ ಶತಮಾನದಾಗ ಮಿಶನರಿಗಳು ಕಲಿಸಿದ ಕ್ರೋಶಾ ಲೇಸು ಅಲ್ಲಿ ಮನಿ ಮನಿಗೆ ಹಬ್ಬಿತು. ಪರದೇಶಕ್ಕ ಹೋಗೂ ಮಾಲು ಅದು. ಜರ್ಮನಿಯ ಮಾರಿಯಾ ಮೀಸ್ ಅಲ್ಲಿ ಇದ್ದು ಅಭ್ಯಾಸ ಮಾಡಿ 1982ರಾಗ ಪುಸ್ತಕ ತಂದ್ರು. ಹೆಂಗಸರು ಮನಿಗೆಲಸದ ಮ್ಯಾಲ ದಿನಕ್ಕ ಆರೆಂಟು ತಾಸು ಹೆಣೀತಿದ್ರು. ಆದ್ರ ವ್ಯಾಪಾರಿಗಳು, ಮನಿಯ ಗಂಡಸರು, ಕೊನಿಗೆ ಆ ಹೆಂಗಸರೂ ಸೈತ, ಅದನ್ನ ಪುರುಸೊತ್ತಿನ ಕೆಲಸ ಅಂತ ತಿಳದಿದ್ರು. ಮನಿಯಾಗ ಕುಂದರೂ ಹೆಂಗಸರು ಅಂತ ಹೆಸರು, ಜಗತ್ತಿನ ಪ್ಯಾಟಿಗೆ ದುಡಿಮಿ. ಹಂಗ ಕರದಿದ್ದಕ್ಕ ಕೂಲಿ ತಳಾ ಹಿಡದಿತ್ತು ಅನ್ನೂದನ್ನ ಮೀಸ್ ಬಿಡಿಸಿ ತೋರಿಸಿದ್ರು. ಮಾರೂರು ಗಂಡಸರು, ಮಾರೂ ಜಾಗ ಹೊರಗ. ಹೆಣಿಯೂರು ಒಳಗ, ಒಬ್ಬಾಕಿಗೆ ಇನ್ನೊಬ್ಬಾಕಿಯ ಕೂಲಿ ಎಷ್ಟು ಅಂತ ಗೊತ್ತಾಗೂ ಹಾದಿನ ಇರಲಿಲ್ಲ.

ಕಾಕು: ಕಟ್ಟಿ ಮ್ಯಾಲ ನಾಕು ಮಂದಿ ಕೂಡಿ ಕುಂತ್ರ ಮೊದಲ ಬರೂ ಮಾತ ಅದು: ನಿನಗ ತೋರಣಕ್ಕ ಎಷ್ಟು ಕೊಟ್ರು? ಆ ಒಂದು ಮಾತಿನಿಂದ ದರ ಏರ್ತೈತಿ. ಇನ್ನೊಂದು ಸಂಗತಿ ಕೇಳು. ಸ್ವೆಟರ್ ಹೆಣಿಯೂ ಯಂತ್ರ ಬಂದು ಎಷ್ಟೋ ಶತಮಾನ ಆತು ಅಂತ ನೀನ ಹೇಳಿದ್ದಿ.

ಮಗಳು: ಹೌದ್ರಿ, 1589ರಾಗ ಇಂಗ್ಲೆಂಡಿನ ವಿಲಿಯಂ ಲೀ ಕಾಲಚೀಲ ಹೆಣಿಯೂ ಚೌಕಟ್ಟು ಮಾಡಿದ. ಸಾಲಿನ ಟಾಕಾ ಎಲ್ಲಾ ಒಂದ ಸಾಲಿನಾಗ ಬಾಯಿ ತಗದು ನಿಂತಿರ್ತಾವಲ್ಲ, ಒಂದೊಂದಕ್ಕ ಒಂದೊಂದು ಕೊಕ್ಕಿ ಕೊಟ್ರ ಯಂತ್ರ ನಡೀತೈತಿ. ಕ್ರೋಶಾಕ್ಕ ಅದು ಆಗಿಲ್ಲ. ಸೂಜಿ ಹಾಕಿದ ಬಟ್ಟಿಯೊಳಗ ಎಲ್ಲಿ ಬೇಕಲ್ಲಿ ಹೊಕ್ಕು, ದಾರ ಹಿಡದು, ಹಿಂದಕ ಬರಬೇಕು. ಕಾರಖಾನಿಯೊಳಗ ಬಣಿವಿ ಬಣಿವಿ ಖರೇ ಕ್ರೋಶಾ ತಗಿಯೂ ಯಂತ್ರ ಇನ್ನೂ ಪ್ಯಾಟಿಗೆ ಬಂದಿಲ್ಲ. ಅಂಗಡಿಯಾಗ ಕಡಿಮಿ ಬೆಲಿಗೆ ಸಿಗೂ ಕ್ರೋಶಾ ಟೊಪ್ಪಿಗಿ, ಕ್ರೋಶಾ ಚೀಲ, ಯಾರದೋ ಕೈ ತಾಸುಗಟ್ಟಲೆ ಮಾಡಿದ್ದು.

ಕಾಕು: ಅದನ್ನ ಬಾಯಲೆ ಎಷ್ಟು ಹೇಳಿದ್ರೂ ಕೊಳ್ಳೂರಿಗೆ ತಿಳಿಯಂಗಿಲ್ಲ. ಶ್ರಾವಣ ಸೋಮವಾರದ ಜಾತ್ರಿಯಾಗ ಇಲ್ಲೇ ಕುಂತು ಹೆಣಿಯೂ ಮುಂದ ಒಬ್ಬಾಕಿ ತೋರಣ ಎತ್ತಿ, ಇಷ್ಟಕ್ಕ ಇಷ್ಟ್ಯಾಕ ಅಂದ್ಲು. ನಿಲ್ಲವಾ ಒಂದು ಗಳಿಗಿ ಅಂದೆ. ನಿಂತು ನೋಡಿದ್ಲು. ಒಂದು ನವಿಲಿನ ತಲಿ ತಿರುಗೂದ್ರಾಗ ಆಕಿ ಮಗ ಎರಡ ಐಸ್‌ಕ್ರೀಮ್ ತಿಂದು ಮುಗಿಸಿದ್ದ. ಆಮ್ಯಾಲ ಆಕಿ ಚೌಕಾಶಿ ಮಾಡಲಿಲ್ಲ. ಮಾಡೂದು ಕಂಡವರಿಗೆ ಬೆಲಿ ಹೇಳಿಕೊಡಬೇಕಾಗಂಗಿಲ್ಲ.

ಮಗಳು: ಇದನ್ನ ಒಪ್ಪಿದೆ. ಇನ್ನೊಂದು ತಕರಾರು ಐತಿ. ಸಭಾದಾಗ, ಪಾಠದಾಗ, ಗಾಯನದಾಗ ಹೆಣಕೋತ ಕುಂತ್ರ ಎದುರಿನವರಿಗೆ ಅಗೌರವ ಅಲ್ಲೇನ್ರಿ? ನನ್ನ ತರಗತಿಯಾಗ ಒಬ್ಬ ಹುಡುಗಿ ಡೆಸ್ಕಿನ ಕೆಳಗ ಹೆಣೀತಾಳ. ತಗದಿಡು ಅನ್ನಬೇಕೋ, ಬಿಡಬೇಕೋ ತಿಳಿಯಂಗಿಲ್ಲ.

ಕಾಕು: ಆಕಿ ಪಾಠ ಕೇಳ್ತಾಳೇನು?

ಮಗಳು: ಬರೇ ಕೇಳೂದಲ್ಲ, ಪ್ರಶ್ನಾ ಕೇಳೂರೊಳಗ ಆಕಿನ ಮೊದಲು.

ಕಾಕು: ಮತ್ತ ಕೈಯಾಡೂದು ಕಿವಿಗೆ ಅಡ್ಡ ಬರಂಗಿಲ್ಲ ಅಂತ ಆತು.

ಮಗಳು: ಇಂಗ್ಲೆಂಡಿನ ಜ್ಯಾಕಿ ಆಂಡ್ರೇಡ್ ಅನ್ನೂ ಮನಶಾಸ್ತ್ರದವರು 2009ರಾಗ 40 ಮಂದಿಗೆ ಬ್ಯಾಸರಾ ಬರೂ ಫೋನಿನ ಮಾತು ಕೇಳಿಸಿ ನೋಡಿದ್ರು. ಕಾಗದದ ಮ್ಯಾಲ ಚಿತ್ತಾರ ತುಂಬಕೋತ ಕೇಳಿದವರು ಬರೇ ಕುಂತು ಕೇಳಿದವರಿಗಿಂತ 29% ಹೆಚ್ಚು ನೆನಪಿಟ್ಟಿದ್ರು. ಅದು ಹೆಣಿಗಿ ಅಲ್ಲ ಖರೆ. ಆದ್ರ ಕೈಗೆ ಸಣ್ಣ ಕೆಲಸ ಕೊಟ್ರ ಮನಸ್ಸು ಹೊರಗ ಅಲಿಯೂದು ತಪ್ಪತೈತಿ ಅನ್ನೂದಕ್ಕ ಅದೊಂದು ಆಧಾರ.

ಕಾಕು: ಇಷ್ಟ ದೂರ ಯಾಕ ಹೋಗ್ತಿ, ಬೆಳಗಾವಿ ನಮ್ಮ ರೈಲಿನ ಹಾದಿಯಾಗ ಐತಿ. 1924ರ ಡಿಸೆಂಬರಿನಾಗ ಅಲ್ಲಿ ಕಾಂಗ್ರೆಸ್ ಅಧಿವೇಶನ ಆತಲ್ಲ, ಗಾಂಧೀಜಿ ಅಧ್ಯಕ್ಷರಾಗಿ ಕುಂತಿದ್ದು ಅದೊಂದರಾಗ. ಸದಸ್ಯ ಆಗಬೇಕಂದ್ರ ನಾಕಾಣೆ ಕೊಡೂದರ ಬದಲಿ ತಿಂಗಳಿಗೆ 2000 ಗಜ ನೂಲು ಕೊಡಬೇಕು ಅಂತ ಆ ಅಧಿವೇಶನದಾಗ ಠರಾವಾತು.

ಮಗಳು: ಮರುವರ್ಷ ಅದನ್ನ ಸಡಿಲ ಮಾಡಿದ್ರು, ನೂಲುವವರ ಸಂಘ ಬ್ಯಾರೆ ಆತು. ಎಲ್ಲಾರಿಗೂ ಅದು ಆಗಲಿಲ್ಲ.

ಕಾಕು: ಆಗಲಿಲ್ಲ ಖರೆ. ಆದ್ರ ವಕೀಲರು, ಮಾಸ್ತರರು, ಜಮೀನುದಾರರು ಮಂದಿ ಮುಂದ ತಕಲಿ ತಿರುವಾಕ ನಾಚಲಿಲ್ಲ. ಭಾಷಣ ಕೇಳಕೋತ ನೂಲೂದು ಆ ಕಾಲದಾಗ ಸಭಾದ ಮರ್ಯಾದಿನ ಆಗಿತ್ತು. ಕೈಗೆಲಸ ಎಲ್ಲಾರ ಮುಂದ ಮಾಡೂವಂಥದು ಅಂತ ಇಡೀ ದೇಶಕ್ಕ ಒಮ್ಮೆ ಅನಿಸಿತ್ತು. ನಾ ಮಾತ್ರ ಕೆಲವು ನೇಮ ಇಟಗೊಂಡೀನಿ. ಸತ್ತವರ ಮನಿಯಾಗ ಸೂಜಿ ತಗಿಯಂಗಿಲ್ಲ. ಡಾಕ್ಟರ್ ಮಾತಾಡೂ ಮುಂದ ತಗಿಯಂಗಿಲ್ಲ. ಯಾರರೆ ಕಣ್ಣಾಗ ಕಣ್ಣಿಟ್ಟು ತಮ್ಮ ದುಃಖಾ ಹೇಳಾಕತ್ರ ಸೂಜಿ ಕೆಳಗ ಇಡ್ತೀನಿ. ಗದ್ದಲದಾಗ ನಕ್ಷಿ ಎಣಿಸೂ ಕೆಲಸ ಒಯ್ಯಂಗಿಲ್ಲ, ಕೈಗೆ ರೂಢಿ ಆದದ್ದನ್ನ ಒಯ್ತೀನಿ. ದಾರದ ಉಂಡಿ ಚೀಲದಾಗ ಇರಬೇಕು, ಉಳ್ಳಿ ಮಂದಿ ಕಾಲಾಗ ಹೋಗಬಾರದು. ಉಳಿದದ್ದಕ್ಕೆಲ್ಲಾ ಹೆಣಿಗಿ ಸಲ್ತೈತಿ.

ಮಗಳು: ದವಾಖಾನಿ ಅಂದ ಕೂಡಲೇ ನೆನಪಾತ್ರಿ. ಅಮ್ಮನ ಆಪರೇಶನ್ ಆದಾಗ ಮಿರಜದಾಗ ನೀವು ಒಂಬತ್ತು ದಿನಾ ವರಾಂಡಾದಾಗ ಕುಂತಿದ್ರಿ.

ಕಾಕು: 1894ರಾಗ ವಾನ್‌ಲೆಸ್ ಡಾಕ್ಟರ್ ದವಾಖಾನಿ ತಗದಾಗಿಂದ ಮಿರಜ ಊರು ಕಾಯೂ ಮಂದಿಯ ಊರಾಗೇತಿ. ಬೆಳಗಾವಿ, ವಿಜಯಪುರ, ಬಾಗಲಕೋಟಿ, ಎಲ್ಲಾ ಕಡಿಂದ ರೋಗಿಗಳು ಬರ್ತಾರ, ಅವರ ಸಂಗಾಟ ಕಾಯೂರೂ ಬರ್ತಾರ. ನಮ್ಮ ವರಾಂಡಾದಾಗ ಜಮಖಂಡಿ ಕಡೇದೊಬ್ಬಾಕಿಗೆ ಮರಾಠಿ ಬರತಿರಲಿಲ್ಲ. ತಾಸಗಾವದಾಕಿಗೆ ಕನ್ನಡ ಬರತಿರಲಿಲ್ಲ. ಮಿರಜದ ಒಬ್ಬಾಕಿ ಉರ್ದು ಆಡಾಕಿ. ನಾ ಸೂಜಿ ತಗದ ಎರಡನೇ ದಿನಕ್ಕ ಮೂವರೂ ಬಾಜೂಕ ಬಂದು ಕುಂತ್ರು. ತಾಸಗಾವದಾಕಿ ಮುಕಾ ಖಾಂಬ ಹಾಕೂ ರೀತಿ ನನಗಿಂತ ಚಂದ ಇತ್ತು, ನಾ ಅದನ್ನ ಆಕಿ ಕೈ ನೋಡಿ ಕಲ್ತೆ. ಜಮಖಂಡಿಯಾಕಿಗೆ ಗಾಂವಟಿ, ಮುರಗಿ ಎಲ್ಲಾ ಕಸೂತಿ ಬರತಿತ್ತು, ಎಳಿ ಎಣಿಸಿ ಹೊಲದ್ರ ಎರಡೂ ಮಗ್ಗಲ ಒಂದ ಥರಾ ಕಾಣ್ತೈತಿ ಅಂತ ಸೆರಗಿನ ಮ್ಯಾಲ ತೋರಿಸಿದ್ಲು. ಕೊಟ್ಟಿದ್ದು ತಗೊಂಡಿದ್ದು ಎಲ್ಲಾ ಕೈಲೆ. ಅವರ ಹೆಸರು ಮರತೀನಿ, ಟಾಕಾ ಮರತಿಲ್ಲ.

ಮಗಳು: ಈ ಗಡಿ ಮ್ಯಾಲ ಭಾಷಾದ ಜಗಳ ಎಷ್ಟೋ ಕೇಳೀವಿ. ಇದನ್ನ ಯಾರೂ ಬರಿಯಂಗಿಲ್ಲ.

ಕಾಕು: ಬರೀಬೇಕು. ನಾಟಕ ಈ ಸೀಮಿಗೆ ಹೆಂಗ ಬಂತು? 1842ರಾಗ ಕರ್ಕಿಯ ಕನ್ನಡ ಭಾಗವತರು ಸಾಂಗಲಿಗೆ ಬಂದು ಆಟ ಆಡಿದ್ರು. ಅದನ್ನ ನೋಡಿ ಸಂಸ್ಥಾನದ ಚಿಂತಾಮಣರಾವ್ ಪಟವರ್ಧನರು ಮರಾಠಿಯೊಳಗೂ ಅಂಥಾದ್ದು ಆಗಲಿ ಅಂದ್ರು. ಮರುವರ್ಷ ವಿಷ್ಣುದಾಸ ಭಾವೆ ‘ಸೀತಾಸ್ವಯಂವರ’ ಕಟ್ಟಿದ್ರು. ಎಲ್ಲಾರ ಮುಂದ ಆಡಿದ್ದಕ್ಕ ಕಲಿಯಾಕ ಆತು. ವಿದ್ಯಾ ಮುಚ್ಚಿಟ್ರ ಒಂದು ಮನಿಗೆ ಮುಗೀತೈತಿ, ತೆರದಿಟ್ರ ಭಾಷಾ ದಾಟತೈತಿ.

ಮಗಳು: ಗಂಡು ಹುಡುಗರು? ನಿಮ್ಮ ಹಂತ್ಯಾಕ ಕಲಿಯಾಕ ಬರೂರೆಲ್ಲಾ ಹುಡುಗ್ಯಾರ.

ಕಾಕು: ಕುರುಬಗ ನಾಚಿಕಿ ಇರಲಿಲ್ಲ, ನಿಮ್ಮ ಹುಡುಗರಿಗೆ ಯಾಕ?

ಮಗಳು: 2021ರಾಗ ಟೋಕಿಯೋ ಒಲಿಂಪಿಕ್ಸಿನಾಗ ಇಂಗ್ಲೆಂಡಿನ ಟಾಮ್ ಡೇಲಿ ನೀರಿಗೆ ಜಿಗಿಯೂ ಪಂದ್ಯದಾಗ ಚಿನ್ನ ಗೆದ್ದ. ಆಮ್ಯಾಲ ಪ್ರೇಕ್ಷಕರ ಸಾಲಿನಾಗ ಕುಂತು ಹೆಣ್ಯಾಕತ್ತಿದ್ದ, ಕ್ಯಾಮೆರಾ ಅವನ ಮ್ಯಾಲ ಬಿತ್ತು, ಜಗತ್ತೆಲ್ಲಾ ನೋಡಿತು. ಪದಕಕ್ಕ ತಾನ ಒಂದು ಚೀಲಾನೂ ಹೆಣಕೊಂಡಿದ್ದ. ಈ ವಿಡಿಯೋ ತೋರಿಸಿದಾಗ ನನ್ನ ತರಗತಿಯ ಇಬ್ಬರು ಹುಡುಗರು ಕಲಸ್ರಿ ಮೇಡಂ ಅಂದ್ರು.

ಕಾಕು: ಕಲಸು. ಮನಿಯಾಗ ಕರದು ಕಲಸಬ್ಯಾಡ, ಕಾಲೇಜಿನ ಕಟ್ಟಿ ಮ್ಯಾಲ ಕುಂದರಿಸಿ ಕಲಸು. ಗಂಡು ಹುಡುಗನ ಕೈಯಾಗ ಸೂಜಿ ಮಂದಿಗೆ ಕಾಣಬೇಕು. ಆವಾಗ ಹೆಣ್ಣಿನ ಕೈಯಾಗಿನ ಸೂಜಿ ಪರವಾನಗಿ ಅನ್ನೂದು ತಪ್ಪತೈತಿ, ಬರೇ ಒಂದು ವಿದ್ಯಾ ಆಗಿ ಉಳೀತೈತಿ.

ಮಗಳು: ನನ್ನ ತಕರಾರಿಗೆ ಉತ್ತರ ಇಲ್ಲಿ ಸಿಕ್ಕಂಗಾತ್ರಿ. ಆದ್ರ ಅರ್ಧ. ಹೆಣಿಯಾಕ ಬರದ ಹೆಣ್ಮಗಳು, ಹೆಣಿಯೂ ಮನಸ್ಸ ಇಲ್ಲದಾಕಿ, ಆಕಿ ಎಲ್ಲಿ ಕುಂದರಬೇಕು?

ಕಾಕು: ಅದಕ್ಕ ಮೊದಲು ಜಾಗಾ ಆಗಬೇಕು. ನಿಜ ಹೇಳಲೇನು, ಸೂಜಿ ವಿಚಾರ ಮಾತಾಡಕೋತ ನಾವು ಕಲ್ಲಿನ ವಿಚಾರ ಮರೀತೀವಿ. ಬಸ್ ಸ್ಟ್ಯಾಂಡಿನಾಗ ಬೆನ್ನು ಆನಿಸೂ ಬೆಂಚು ಎಷ್ಟು ಅದಾವು? ಸ್ವಚ್ಛ ಶೌಚಾಲಯ ಇಲ್ಲದ ಜಾಗಾದಾಗ ಹೆಂಗಸು ಎರಡು ತಾಸು ಹೆಂಗ ಕುಂದರ್ತಾಳ? ಸಂಜಿ ಆರಕ್ಕ ದೀಪ ಹತ್ತದ ಘಾಟಿನಾಗ ಯಾರು ಉಳೀತಾರ? ಗಿಡದ ಬುಡಕ ಒಂದು ಕಟ್ಟಿ, ಕಟ್ಟಿಗೆ ನೆರಳು, ಒಂದು ನಳಾ, ಒಂದು ಶೌಚಾಲಯ, ಒಂದು ದೀಪ. ಇಷ್ಟು ಮಾಡಿದ ಊರಾಗ ಹೆಣಿಯೂರೂ ಕುಂದರ್ತಾರ, ಓದೂರೂ ಕುಂದರ್ತಾರ, ಏನೂ ಮಾಡದ ಹೊಳಿ ನೋಡೂರೂ ಕುಂದರ್ತಾರ. ಹೆಣಿಯೂ ನಮಗ ಮಂದಿಯ ಕಣ್ಣು ಮಾಫ್ ಮಾಡೇತಿ. ಆ ಮಾಫಿ ಬಳಸಿ ಉಳಿದವರಿಗೂ ಜಾಗಾ ಕೇಳೂದು ನಮ್ಮ ಜವಾಬ್ದಾರಿ.

ಮಗಳು: ಹಂಗಾದ್ರ ನಾ ಹೋಗಿ ಸುರು ಮಾಡ್ತೀನ್ರಿ. ವಾರಕ್ಕ ಒಂದು ಸಂಜಿ, ಕಾಲೇಜಿನ ಮುಂದಿನ ಕಟ್ಟಿ ಮ್ಯಾಲ. ಹುಡುಗರು, ಹುಡುಗ್ಯಾರು, ಕಸ ಗುಡಿಸೂ ಅಕ್ಕಗೋಳು, ಯಾರು ಬಂದ್ರೂ ಆತು. ಸೂಜಿ ತರದ ಬಂದ್ರೂ ಆತು. ನೀವು ಒಮ್ಮೆ ಬರಬೇಕು.

ಕಾಕು: ಬರ್ತೀನಿ. ಆದ್ರ ಮೊದಲನೇ ದಿನಾನ ಒಂದು ಕೆಲಸ ಕಲಸು. ಸಾಕಳಿ, ಖಾಂಬ ಆಮ್ಯಾಲ ಬರ್ತಾವ. ಪ್ರತಿಯೊಬ್ಬರ ಹಂತ್ಯಾಕ ಒಂದು ಸಣ್ಣ ನೋಟಬುಕ್ ಇರಲಿ. ಇವತ್ತ ಎಷ್ಟು ತಾಸು ಹೆಣದೆ, ದಾರಕ್ಕ ಎಷ್ಟು ಹೋತು, ಬರದಿಡಲಿ. ಯಾರರೆ ಬಂದು, ಚಂದ ಐತಿ, ಎಷ್ಟಕ್ಕ ಕೊಡ್ತಿ ಅಂದಾಗ, ಇರಲಿ ಬಿಡ್ರಿ, ಪುರುಸೊತ್ತಿನಾಗ ಮಾಡಿದ್ದು ಅನ್ನೂದು ಬ್ಯಾಡ. ತಾಸು ಎಣಿಸಿ, ಕೂಲಿ ಕಟ್ಟಿ, ದನಿ ತಗ್ಗಿಸದ ಬೆಲಿ ಹೇಳಲಿ. ಎಲ್ಲಾರ ಮುಂದ ಹೇಳಲಿ.